ಅರ್ಧ ಗಂಟೆಯ ಯಂತ್ರ

ಮರೆತಿದ್ದರೂ ಮರೆತಿರಬಹುದು. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು. ಮೂವತ್ತನಾಲ್ಕು ವರ್ಷದ ತಲೆಯಿಂದ ಒಬ್ಬ ಮುತ್ತಜ್ಜ ಕಳಚಿ ಬಿದ್ದುಹೋಗಿದ್ದರೆ ಅದೇನು ದೊಡ್ಡ ಮಾತಲ್ಲ. ಇಶೆನ್ ಹಾಗೆಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಲು ನೋಡಿದ. ಆಗಲಿಲ್ಲ.

ಕೈಯಲ್ಲಿದ್ದ ಹಾಳೆಯಲ್ಲಿ ಅವನದೇ ವಂಶಾವಳಿ ಅಚ್ಚಾಗಿತ್ತು. ತಂದೆ ದುಯ್ಶೆನ್. ಅವನ ತಂದೆ ಕಾಚಿಕೆ. ಅವನ ತಂದೆ ತಿನಾಯ್. ಅಲ್ಲಿಂದ ಮೇಲೆ ಒರೊಜ್ ಇರಬೇಕಾಗಿದ್ದ ಜಾಗದಲ್ಲಿ ಜಾನಿಬಾಯ್ ಎಂಬೊಬ್ಬ ಬಂದು ಕೂತಿದ್ದ. ಒರೊಜ್ ಒಂದು ಮೆಟ್ಟಿಲು ಮೇಲಕ್ಕೆ ಹೋಗಿದ್ದ.

ಜಾನಿಬಾಯ್. ಯಾರಿವನು?

"ಏನೋ ತಮ್ಮ, ಒಂದು ಹಾಳೆ ಓದೋಕೆ ಇಷ್ಟು ಹೊತ್ತಾ? ದಿನಾ ಹಳೇ ಯಂತ್ರಗಳ ಜೊತೆ ಕೂತು ನೀನೂ ಅವುಗಳ ಹಾಗೇ ಆಗಿಬಿಟ್ಟಿದ್ದೀಯ" ಎಂದಳು ಬುರುಲ್.

ಇಶೆನ್ ತಲೆಯೆತ್ತಿದ. ನಾರಿನ್ ಪಟ್ಟಣದ ಬಜಾರಿನ ಎಲ್ಲ ಅಂಗಡಿಗಳಂತೆ ಅವರದೂ ಒಂದು ಕಬ್ಬಿಣದ ಕಂಟೇನರ್. ಕಿಟಕಿಯಿಲ್ಲ, ಬಾಗಿಲು ಒಂದೇ. ಬಾಗಿಲ ಬಳಿ ಅಣ್ಣ ತೊರೊಬೆಕ್ ಕೈಗವಸು, ಉಣ್ಣೆಯ ಕಾಲುಚೀಲ, ಹಳೆಯ ಫೋನು ಮಾರುತ್ತಿದ್ದ. ಒಳತುದಿಯಲ್ಲಿ ಇಶೆನ್‌ನ ಕಂಪ್ಯೂಟರ್ ರಿಪೇರಿಯ ಮೇಜು. ನಡುವೆ, ದಾರಿಗೆ ಅಡ್ಡವಾಗಿ, ತನಿಖಾಧಿಕಾರಿ ಬುರುಲ್ ಸ್ಟೂಲು ಎಳೆದುಕೊಂಡು ಕೂತಿದ್ದಳು. ಐವತ್ತು ದಾಟಿದ ಹೆಂಗಸು. ಗಂಡಸರ ಬೂಟು, ಸಣ್ಣ ದನಿ. ಅವಳ ಕಾಲ ಬಳಿ ಅರಗಿನ ಮುದ್ರೆ ಒತ್ತಿದ ಒಂದು ಕಂಪ್ಯೂಟರ್ ಡಬ್ಬ.

ಅದು ಮುಕಾಯ್ ಅಗಾಯ್‌ಯವರದು. ಊರಿನ ಅರ್ಧ ಜನಕ್ಕೆ ಇತಿಹಾಸ ಕಲಿಸಿ ಎಲ್ಲರ ಬಾಯಲ್ಲೂ ಅಗಾಯ್ ಆಗಿದ್ದ ಆ ಮೇಷ್ಟ್ರು ಕಲ್ಲಿದ್ದಲ ಹೊಗೆ ಕುಡಿದು ಸತ್ತು ಇವತ್ತಿಗೆ ಐದು ದಿನ. ಸೊಸೆ ಕಾನಿಮೆಟ್ ಪೊಲೀಸರ ಕೈಯಲ್ಲಿ ಮೂರು ದಿನ.

"ಇನ್ನೊಂದು ಸಲ ಹೇಳ್ತೀನಿ, ಇಬ್ರೂ ಕೇಳಿಸ್ಕೊಳ್ಳಿ" ಎಂದಳು ಬುರುಲ್. "ಈ ಹಾಳೆ ಅಗಾಯ್ ಮನೇಲಿ, ಪ್ರಿಂಟರಿನ ತಟ್ಟೇಲಿ ಸಿಕ್ತು. ಅಡೀಲಿ ಯಂತ್ರಾನೇ ಹೊತ್ತು ಒತ್ತಿದೆ. ಐದು ನಲವತ್ತು. ಕಾನಿಮೆಟ್ ಮನೆ ಬಿಟ್ಟಿದ್ದು ಐದು ಇಪ್ಪತ್ತೈದಕ್ಕೆ. ಪಕ್ಕದ ಮನೆಯಾಕೆ ನೋಡಿದ್ದಾಳೆ. ತೊರೊಬೆಕ್, ನೀವು ಹೋಗಿದ್ದು ಐದೂವರೆಗೆ."

"ಹೌದು ಎಜೆ" ಎಂದ ತೊರೊಬೆಕ್ ಬಾಗಿಲಿಂದಲೇ, ಅಕ್ಕಾ ಎಂದು ಕರೆಯುವ ಮರ್ಯಾದೆಯಲ್ಲಿ. "ಮದುವೆಗೆ ಅಂತ ವಂಶಾವಳಿ ಕೇಳಿದ್ದೆ. ಅಗಾಯ್ ಬಾಗಿಲಿಗೆ ಬಂದು, ಇನ್ನೂ ಆಗಿಲ್ಲ ನಾಳೆ ಬಾ ಅಂದ್ರು. ನಾನು ಬೂಟು ಕೂಡ ಬಿಚ್ಚಲಿಲ್ಲ. ಕಾಲು ಗಂಟೆ ಅಲ್ಲೇ ಚಳೀಲಿ ನಿಂತು ಮಾತಾಡಿ ಬಂದೆ."

"ಕಾಲು ಗಂಟೇಲಿ ಈ ಹಾಳೆ ನಿಮ್ಮಿಂದ ಆಗೋದಲ್ಲ. ಆ ಯಂತ್ರ ಏಳೋಕೇ ಅರ್ಧ ಗಂಟೆ ಬೇಕು ಅಂತ ಊರೆಲ್ಲ ಹೇಳುತ್ತೆ."

"ಅರ್ಧ ಗಂಟೆ ಅಂದ್ರೆ ಅದಕ್ಕೆ ಮರ್ಯಾದೆ ಕೊಟ್ಟ ಹಾಗೆ!" ಎಂದ ತೊರೊಬೆಕ್. "ಕುರಿ ಕೊಯ್ದು, ಬೇಯಿಸಿ, ತಿಂದು, ಕೈ ತೊಳ್ಕೊಂಡು ಬಂದ್ರೂ ಅದಿನ್ನೂ ಕಣ್ಣುಜ್ಕೋತಾ ಇರುತ್ತೆ."

ಬುರುಲ್ ನಗಲಿಲ್ಲ. "ಹಾಗಾದ್ರೆ ಐದು ಹತ್ತಕ್ಕೇ ಯಾರೋ ಹಚ್ಚಿರಬೇಕು. ಆಗ ಮನೇಲಿದ್ದೋಳು ಕಾನಿಮೆಟ್. ಅವಳೇನಂತಾಳೆ ಗೊತ್ತಾ? ಅಗಾಯ್ ಮಾತ್ರೆ ನುಂಗಿ ಒಲೆ ಪಕ್ಕ ಮಲಗಿದ್ರು, ನಾನು ಹೊರಡೋವಾಗ ಯಂತ್ರದ ಮೇಲೆ ಕಸೂತಿ ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು ಅಂತಾಳೆ. ಇಷ್ಟು ಚಿಕ್ಕ ವಿಷಯಕ್ಕೆ ಸುಳ್ಳು ಹೇಳೋಳು, ಹೊಗೆ ಒಳಗೇ ತುಂಬೋ ಹಾಗೆ ಹೊಗೆಗೂಡಿನ ತಗಡು ನಾನು ಮುಚ್ಚಿಲ್ಲ ಅಂದ್ರೆ ನಂಬೋದು ಹೇಗೆ?"

ಹೊರಗೆ ಯಾರೋ ಹಿಮದ ಮೇಲೆ ಗಾಡಿ ನೂಕಿಕೊಂಡು ಹೋದರು.

"ನಾಳೆ ಬೆಳಿಗ್ಗೆ ಅವಳನ್ನ ನ್ಯಾಯಾಧೀಶರ ಮುಂದೆ ನಿಲ್ಲಿಸ್ತೀವಿ. ನಮ್ಮ ಜಿಲ್ಲೇಲಿ ಕಂಪ್ಯೂಟರ್ ತಜ್ಞ ಅಂದ್ರೆ ನೀನೇ, ಬೇರೆ ಗತಿಯಿಲ್ಲ. ಮುದ್ರೆ ಒಡೀತೀನಿ. ಹಚ್ಚಿ ನೋಡು, ಎಷ್ಟು ಹೊತ್ತು ತಗೊಳ್ಳುತ್ತೆ ಬರಿ, ಸಹಿ ಹಾಕು. ಮುಗೀತು."

"ಕರೆಂಟಿಲ್ಲ" ಎಂದ ಇಶೆನ್. ತನ್ನ ದನಿ ಎಷ್ಟು ಬೇಗ ಹೊರಬಂತೆಂದು ಅವನಿಗೇ ಆಶ್ಚರ್ಯ.

"ನಾಲ್ಕಕ್ಕೆ ಬರುತ್ತಲ್ಲ. ಇನ್ನು ಇಪ್ಪತ್ತೈದು ನಿಮಿಷ. ಕಾಯ್ತೀನಿ."

ತೊರೊಬೆಕ್ ಗ್ಯಾಸ್ ಒಲೆಯ ಮೇಲೆ ಕೆಟಲ್ ಇಟ್ಟ. ಚಳಿ ಒಳಗೆ ಬರುತ್ತದೆಂದು ಬಾಗಿಲನ್ನು ಎಳೆದುಕೊಂಡ. ಒಂದು ಗೇಣಿನಷ್ಟು ಬೆಳಕು ಉಳಿಯಿತು.

*

ಇಪ್ಪತ್ತೈದು ನಿಮಿಷ.

ಆ ಯಂತ್ರ ಅರ್ಧ ಗಂಟೆ ತೆಗೆದುಕೊಳ್ಳುವುದಿಲ್ಲ. ಅರ್ಧ ನಿಮಿಷ ತೆಗೆದುಕೊಳ್ಳುತ್ತದೆ. ಅಗಾಯ್ ಸತ್ತ ದಿನವೇ, ಮಧ್ಯಾಹ್ನ ಹನ್ನೆರಡಕ್ಕೆ, ಕಾನಿಮೆಟ್ ಕೆಲಸಕ್ಕೆ ಹೋಗಿದ್ದಾಗ, ಇಶೆನ್ ಆ ಮನೆಯಲ್ಲಿ ನೆಲದ ಮೇಲೆ ಕೂತು ಅದರ ಹೊಟ್ಟೆ ಬಿಚ್ಚಿದ್ದ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಅಗ್ಗದ್ದೊಂದು ಪುಟ್ಟ ಎಸ್‌ಎಸ್‌ಡಿ ಹಾಕಿದ್ದ. ಬೇರೆ ಯಂತ್ರದಿಂದ ಕಳಚಿದ ಒಂದು ರ‍್ಯಾಮ್ ಪಟ್ಟಿ ಸಿಕ್ಕಿಸಿದ್ದ. ಫ್ಯಾನಿನಿಂದ ಹದಿನೈದು ವರ್ಷದ ಧೂಳು ಕೆರೆದಿದ್ದ. ಅದು ಹಳೆಯ ಕಂಬಳಿಯ ತುಂಡಿನಂತೆ ಇಡಿಯಾಗಿ ಎದ್ದುಬಂದಿತ್ತು. ಬಿಸಿ ಇಳಿಸಲು ಚಿಪ್ಪಿನ ಮೇಲೆ ಹಚ್ಚಿ ಒಣಗಿಹೋಗಿದ್ದ ಬಿಳಿ ಮುಲಾಮನ್ನು ಒರೆಸಿ ಹೊಸದು ಸವರಿದ್ದ. ಸತ್ತಿದ್ದ ಗುಂಡಿ ಬ್ಯಾಟರಿ ಬದಲಾಯಿಸಿದ್ದ. ಎಲ್ಲ ಸೇರಿ ಒಂದು ಜೊತೆ ಚಳಿಗಾಲದ ಬೂಟಿನಷ್ಟೂ ಖರ್ಚಾಗಿರಲಿಲ್ಲ.

"ಸೊಸೆಗೆ ಹೇಳ್ಬೇಡ" ಎಂದಿದ್ದರು ಅಗಾಯ್, ನಡುಗುವ ಕೈಯಲ್ಲಿ ಕಸೂತಿ ಬಟ್ಟೆ ಹಿಡಿದುಕೊಂಡು. "ಎರಡು ವರ್ಷದಿಂದ ಬೈತಾ ಇದ್ದಾಳೆ, ಈ ಹೆಣಾನ ಹೊರಗೆ ಹಾಕಿ ಅಂತ. ಸಂಜೆ ಊಟ ಆಗ್ಲಿ. ಅವಳ ಮುಂದೇನೇ ಹಚ್ತೀನಿ. ಅವಳ ಬಾಯಿ ತೆರೆದುಕೊಳ್ಳೋದನ್ನ ನೋಡ್ಬೇಕು ನಾನು."

ಸಂಜೆ ಊಟ ಆಗಲೇ ಇಲ್ಲ.

ಸಾವಿನ ಸುದ್ದಿ ಬಂದ ಮರುದಿನ ಬೆಳಿಗ್ಗೆ ತೊರೊಬೆಕ್ ಹೇಳಿದ್ದ: "ನೀನು ಅಲ್ಲಿಗೆ ಹೋಗಿದ್ದೆ ಅಂತ ಬಾಯಿ ಬಿಡಬೇಡ. ಕೊನೇಲಿ ಮುಟ್ಟಿದೋನು ನೀನೇ ಅಂತ ತಗ್ಲಾಕ್ತಾರೆ." ಪೊಲೀಸರು ಕೇಳಿದಾಗ ಇಶೆನ್, ಆ ಯಂತ್ರವನ್ನು ಕೊನೆಯ ಸಲ ಮುಟ್ಟಿದ್ದು ಶರತ್ಕಾಲದಲ್ಲಿ ಎಂದು ಬರೆದು ಸಹಿ ಹಾಕಿದ್ದ. ಬರೆಯುವಾಗ ಅದು ಯಾರಿಗೂ ತೊಂದರೆ ಕೊಡದ ಸುಳ್ಳಾಗಿತ್ತು. ಮೂರನೆಯ ದಿನ ಅದೇ ಸುಳ್ಳಿನ ಮೇಲೆ ಒಬ್ಬ ಹೆಂಗಸನ್ನು ಒಳಗೆ ಹಾಕಿದರು.

ಅಷ್ಟಾದರೂ ಅವನಿಗೆ ಇವತ್ತಿನವರೆಗೆ ಉಸಿರಾಡಲು ಜಾಗವಿತ್ತು. ಈ ಹಾಳೆ ಬಂದು ಅದನ್ನೂ ಮುಚ್ಚಿತು.

ಯಾಕೆಂದರೆ ಮಧ್ಯಾಹ್ನ ಅಗಾಯ್ ಇನ್ನೊಂದು ಮಾತೂ ಹೇಳಿದ್ದರು. "ನಿಮ್ಮಣ್ಣನಿಗೆ ಹೇಗೆ ಹೇಳ್ಲಿ ಇಶೆನ್? ಮಾಮಿತ್‌ಕುಲ್ ಅಡ್ಡ ಬಂದಿದ್ದಾನೆ."

ತೊರೊಬೆಕ್‌ನ ಒಬ್ಬಳೇ ಮಗಳು ಬೆಗಾಯಿಮ್. ಹುಡುಗನ ತಾಯಿ ಬಂದು ಅವಳ ಕಿವಿಗೆ ಓಲೆ ಇಟ್ಟು ಹೋಗಿ ತಿಂಗಳಾಗಿತ್ತು; ಓಲೆ ಬಿದ್ದ ಮೇಲೆ ಹುಡುಗಿ ಅವರ ಮನೆಯವಳೇ. ಉಳಿದಿದ್ದು ಒಂದೇ ಕೆಲಸ. ಏಳು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಪೂರ್ವಜ ಇಲ್ಲವೆಂದು ಅಗಾಯ್ ಬರೆದುಕೊಡಬೇಕು. ಹುಡುಗನೂ ಮಾಮಿತ್‌ಕುಲ್‌ನ ಕುಡಿಯೇ ಎಂದು ಅಗಾಯ್ ಕಂಡುಹಿಡಿದಿದ್ದರು. ಬೆಗಾಯಿಮ್‌ಳ ತಂದೆಯಿಂದ ಎಣಿಸಿದರೆ ಮಾಮಿತ್‌ಕುಲ್ ಆರನೆಯವನು. ಮದುವೆ ನಡೆಯುವಂತಿಲ್ಲ.

ಈಗ ಈ ಹಾಳೆಯಲ್ಲಿ ಒಂದು ಹೆಸರು ಹೆಚ್ಚಾಗಿ, ಮಾಮಿತ್‌ಕುಲ್ ಏಳನೆಯವನಾಗಿದ್ದ.

ಏಳನೆಯವನಾದರೂ ಮದುವೆ ನಡೆಯುವಂತಿಲ್ಲ! ಇಶೆನ್‌ಗೆ ಮೊದಲು ಅರ್ಥವಾಗದಿದ್ದುದು ಅದೇ. ಅಷ್ಟು ದೂರ ಹೋಗಿ ಮೇಷ್ಟ್ರ ಯಂತ್ರಕ್ಕೆ ಕೈ ಹಾಕಿದವನು ಇನ್ನೊಂದು ಹೆಸರು ಸೇರಿಸಿದ್ದರೆ ಸಾಕಿತ್ತು. ಯಾಕೆ ಒಂದಕ್ಕೇ ನಿಲ್ಲಿಸಿದ?

ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಎದೆಯಲ್ಲಲ್ಲ, ಬೆರಳುಗಳಲ್ಲಿ.

ಅಪ್ಪ ಸತ್ತಾಗ ಇಶೆನ್‌ಗೆ ಆರು ವರ್ಷ, ತೊರೊಬೆಕ್‌ಗೆ ಹತ್ತೊಂಬತ್ತು. ಪೂರ್ವಜರನ್ನು ಹೇಳಿಕೊಟ್ಟವನು ಅಣ್ಣನೇ. ಬೇಸಿಗೆಯ ಹುಲ್ಲುಗಾವಲಿನಲ್ಲಿ ಕುದುರೆಗಳನ್ನು ಹೊಡೆದುಕೊಂಡು ಹೋಗುವಾಗ ತಮ್ಮನ ಬೆರಳು ಒಂದೊಂದಾಗಿ ಮಡಚುತ್ತ ಎಣಿಸುತ್ತಿದ್ದ. ಅಗಾಯ್, ಮತ್ತೆ ಊರಿನ ಎಲ್ಲರೂ, ತಂದೆಯಿಂದ ಎಣಿಸುತ್ತಾರೆ. ತೊರೊಬೆಕ್ ಮಾತ್ರ ಹೆಬ್ಬೆರಳು ಮಡಚಿ, "ಇದು ನೀನು. ನೀನೇ ಮೊದಲನೆಯವನು" ಎನ್ನುತ್ತಿದ್ದ. ಶಾಲೆಯಲ್ಲಿ ಹಾಗೆ ಎಣಿಸಿ ಇಶೆನ್ ಎಲ್ಲರ ನಗೆಗೀಡಾಗಿದ್ದ. ಆದರೂ ಅಣ್ಣನನ್ನು ತಿದ್ದಲು ಹೋಗಿರಲಿಲ್ಲ.

ಹುಡುಗಿಯಿಂದಲೇ ಎಣಿಸುವವನಿಗೆ ಒಂದು ಹೆಸರು ಸಾಕು. ಮಾಮಿತ್‌ಕುಲ್ ಎಂಟನೆಯವನಾಗುತ್ತಾನೆ. ದಾರಿ ಬಿಡುತ್ತಾನೆ.

ಹೆಸರು ಸೇರಿಸುವುದು ಬೇರೆ, ಉಸಿರು ನಿಲ್ಲಿಸುವುದು ಬೇರೆ. ಇಶೆನ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಲಗಿದ್ದ ಮುದುಕನನ್ನು ಎಬ್ಬಿಸದೆ ಒಬ್ಬ ಒಳಗೆ ಹೋಗಿರಬಹುದು, ಒಂದು ಹಾಳೆ ಅಚ್ಚು ಹಾಕಿ ಹೊರಗೆ ಬಂದಿರಬಹುದು. ತಗಡು ತಾನಾಗಿಯೇ ಜಾರಿರಬಹುದು. ಬಿಸಿ ಉಳಿಯಲಿ ಎಂದು ಅಗಾಯ್‌ಯವರೇ ಎದ್ದು ಮುಚ್ಚಿರಬಹುದು.

ಇರಬಹುದು, ಇರಬಹುದು. ಕಬ್ಬಿಣದ ಗೋಡೆಗೆ ಭುಜ ತಾಗಿತು. ಹಿಂದೆ ಸರಿಯಲು ಇನ್ನು ಜಾಗವಿರಲಿಲ್ಲ.

*

"ಟೀ ತಗೊಳ್ಳಿ ಎಜೆ. ಲೋ ಇಶೆನ್, ನೀನೂ ತಗೋ. ಮುಖ ನೋಡು, ಹಿಟ್ಟು ಬಳ್ಕೊಂಡೋನ ಹಾಗಿದ್ದೀಯ."

ತೊರೊಬೆಕ್ ಎಣ್ಣೆಯಲ್ಲಿ ಕರಿದ ಬೋರ್ಸೋಕಿನ ತಟ್ಟೆಯನ್ನು ಬುರುಲ್‌ಳ ಮೊಣಕಾಲ ಮೇಲೆ ಇಟ್ಟ. ಆಕೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಅರಗಿನ ಮುದ್ರೆಯನ್ನು ಚಾಕುವಿನಿಂದ ಎಬ್ಬಿಸಿದಳು.

"ಸುಮ್ಮನೆ ಕೂರೋ ಬದಲು ಇದರ ಹೊಟ್ಟೆ ಬಿಚ್ಚು. ನನಗೂ ಒಳಗೆ ಏನಿರುತ್ತೆ ನೋಡಬೇಕು ಅಂತ ಆಸೆ."

"ಬಿಚ್ಚೋದು ಬೇಡ ಎಜೆ, ಸಾಕ್ಷಿ ಕೆಟ್ಟುಹೋದ್ರೆ..." ಎಂದ ಇಶೆನ್.

"ಸಾಕ್ಷಿ ಕೆಡಿಸೋಕೆ ನಾನೇ ಅನುಮತಿ ಕೊಡ್ತಾ ಇದ್ದೀನಿ."

ಇಶೆನ್ ತಿರುಪು ಬಿಚ್ಚಿದ. ನಾಲ್ಕು ತಿರುಪಿಗೆ ಎಷ್ಟು ಹೊತ್ತು ಹಿಡಿಸಬಹುದೋ ಅಷ್ಟು ಹಿಡಿಸಿದ. ಪಕ್ಕದ ತಗಡು ಕಳಚಿ ಮೇಜಿನ ಮೇಲೆ ಇಟ್ಟ. ಬುರುಲ್ ಫೋನಿನ ದೀಪ ಹಚ್ಚಿ ಬಾಗಿದಳು.

ಆಕೆಗೆ ರ‍್ಯಾಮ್ ಯಾವುದು, ಡಿಸ್ಕ್ ಯಾವುದು ಗೊತ್ತಿರಲಿಲ್ಲ. ಅದು ಇಶೆನ್‌ನ ಕೊನೆಯ ಭರವಸೆಯಾಗಿತ್ತು. ಆದರೆ ಆಕೆ ಮನೆ ಗುಡಿಸಿ ಗೊತ್ತಿದ್ದ ಹೆಂಗಸು.

"ಎಷ್ಟು ಚೊಕ್ಕವಾಗಿದೆ" ಎಂದಳು. "ಹದಿನೈದು ವರ್ಷ ಕಲ್ಲಿದ್ದಲ ಒಲೆ ಪಕ್ಕ ಕೂತ ಯಂತ್ರ. ನನ್ನ ಮನೆ ಟೀವಿ ಹಿಂದೆ ಬೆರಳಿಟ್ರೆ ಬೆರಳು ಕಾಣಲ್ಲ."

"ಅಗಾಯ್ ಶಿಸ್ತಿನ ಮನುಷ್ಯ" ಎಂದ ತೊರೊಬೆಕ್.

"ಹೌದು, ಶಿಸ್ತಿನ ಮನುಷ್ಯ. ಅದಕ್ಕೇ ಒಂದು ವಿಷಯ ನನ್ನ ತಲೆ ಕೊರೀತಾ ಇದೆ." ಬುರುಲ್ ಚೀಲದಿಂದ ಹಾಳೆಗಳ ಒಂದು ಕಟ್ಟು ತೆಗೆದಳು. "ಎರಡು ವರ್ಷದಲ್ಲಿ ಅವರು ಜನಕ್ಕೆ ಅಚ್ಚು ಹಾಕಿಕೊಟ್ಟ ವಂಶಾವಳಿಗಳು. ಹನ್ನೊಂದು ಮನೆಯಿಂದ ಕೇಳಿ ತಂದೆ. ಅಡೀಲಿ ತಾರೀಕು ಓದು."

ಇಶೆನ್ ಓದಲಿಲ್ಲ. ಅವನಿಗೆ ಗೊತ್ತಿತ್ತು.

"ಎಲ್ಲದರಲ್ಲೂ ಎರಡು ಸಾವಿರದ ಒಂಬತ್ತು, ಜನವರಿ ಒಂದು. ಹನ್ನೊಂದು ಮನೆ, ಹನ್ನೊಂದು ತಿಂಗಳು, ಎಲ್ಲ ಒಂದೇ ದಿನ! ಅಗಾಯ್ ಸತ್ತ ದಿನದ ಈ ಹಾಳೇಲಿ ಮಾತ್ರ ತಾರೀಕೂ ಸರಿ, ಹೊತ್ತೂ ಸರಿ. ನನಗೆ ಬಿಡಿಸಿ ಹೇಳು. ನೀನು ತಜ್ಞ."

ಕೆಟಲ್ ಸಣ್ಣಗೆ ಸದ್ದು ಮಾಡುತ್ತಿತ್ತು. ಅಣ್ಣ ಅದನ್ನು ಇಳಿಸಲಿಲ್ಲ.

"ಒಳಗೆ ಒಂದು ಗುಂಡಿ ಬ್ಯಾಟರಿ ಇರುತ್ತೆ" ಎಂದ ಇಶೆನ್ ನಿಧಾನವಾಗಿ. "ಕರೆಂಟು ಹೋದಾಗ ಗಡಿಯಾರ ನಡೆಸೋಕೆ. ಅದು ಸತ್ತಿದ್ರೆ, ಪ್ರತಿ ಸಲ ಕರೆಂಟು ಹೋಗಿ ಬಂದಾಗ ಯಂತ್ರ ತಾನು ಹುಟ್ಟಿದ ಕಾಲಕ್ಕೆ ವಾಪಸ್ ಹೋಗುತ್ತೆ."

"ಅಂದ್ರೆ ಅಗಾಯ್ ಸಾಯೋ ಮೊದಲು ಯಾರೋ ಆ ಬ್ಯಾಟರಿ ಬದಲಾಯಿಸಿದ್ರು."

"ಅಗಾಯ್‌ಯವರೇ ಹಾಕ್ಕೊಂಡಿರಬಹುದು" ಎಂದ ತೊರೊಬೆಕ್.

"ಅಂಗಿ ಗುಂಡಿ ಹಾಕೋಕೆ ಸೊಸೆ ಬೇಕಾಗಿತ್ತು ಅವರಿಗೆ, ಅಷ್ಟು ನಡುಗೋ ಕೈ." ಬುರುಲ್ ತಿರುಗಿ ನೋಡಲಿಲ್ಲ, ಕಣ್ಣು ಇಶೆನ್ ಮೇಲೇ ಇತ್ತು. ಆದರೆ ಕೇಳಬೇಕಾದ್ದನ್ನು ಕೇಳಲಿಲ್ಲ. ಬದಲಿಗೆ, ಏನೋ ನೆನಪಾದವಳಂತೆ, ಮೇಜಿನ ಮೇಲಿದ್ದ ವಂಶಾವಳಿಯ ಹಾಳೆಯನ್ನು ಬೋರಲು ಹಾಕಿದಳು.

"ಕರೆಂಟು ಬರೋವರೆಗೆ ಹೊತ್ತು ಹೋಗಬೇಕಲ್ಲ. ನಿನ್ನ ಏಳು ತಂದೆಯರ ಹೆಸರು ಹೇಳು ನೋಡೋಣ."

"ಯಾಕೆ ಎಜೆ?"

"ಯಾಕೆ ಅಂದ್ರೆ? ಆರು ವರ್ಷದ ಮಗೂನೂ ಹೇಳುತ್ತೆ. ಹೇಳು."

ಈ ನೆಲದಲ್ಲಿ ಆ ಪ್ರಶ್ನೆಗೆ ಉತ್ತರ ಕೊಡದವನು ಅನಾಥನಿಗಿಂತ ಕಡೆ. ಇಶೆನ್ ಬಾಯಿ ತೆರೆದ.

"ದುಯ್ಶೆನ್."

ಬಾಗಿಲ ಬಳಿಯ ಗೇಣು ಬೆಳಕಿನಲ್ಲಿ ಅಣ್ಣನ ಬೆನ್ನು ಅಲುಗದೆ ನಿಂತಿತ್ತು.

"ಕಾಚಿಕೆ. ತಿನಾಯ್."

ಮುಂದಿನದು ಒರೊಜ್. ಮೂರು ಅಕ್ಷರ. ಅದನ್ನು ಹೇಳಿದರೆ ಹಾಳೆ ಸುಳ್ಳಾಗುತ್ತದೆ. ಹಾಳೆ ಸುಳ್ಳಾದರೆ, ಆ ಸುಳ್ಳು ಯಾರಿಗೆ ಬೇಕಾಗಿತ್ತು ಎಂದು ತಿಳಿಯಲು ಬುರುಲ್ ಸ್ಟೂಲಿನಿಂದ ಏಳಬೇಕಾಗಿಯೂ ಇಲ್ಲ. ಕತ್ತು ತಿರುಗಿಸಿದರೆ ಸಾಕು. ಕಾನಿಮೆಟ್ ಸಂಜೆಯೊಳಗೆ ಮನೆಗೆ ಹೋಗುತ್ತಾಳೆ. ತನ್ನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದವನು, ತಮ್ಮನ ಓದಿಗಾಗಿ ತಾನು ಓದು ಬಿಟ್ಟವನು, ಹೋಗುವುದಿಲ್ಲ.

"ಜಾನಿಬಾಯ್" ಎಂದ ಇಶೆನ್.

ಭೂಮಿಯ ಮೇಲೆ ಎಂದೂ ನಡೆಯದವನೊಬ್ಬನನ್ನು ಅಜ್ಜನೆಂದು ಕರೆದಿದ್ದ. "ಒರೊಜ್, ಮಾಮಿತ್‌ಕುಲ್, ಎಸೆನ್" ಎಂದು ಉಳಿದವರನ್ನು ಒಂದೇ ಉಸಿರಿಗೆ ಮುಗಿಸಿದ.

ಬುರುಲ್ ಹಾಳೆ ತಿರುಗಿಸಿ ನೋಡಿದಳು. "ಎಲ್ಲ ಸರಿಯಾಗಿದೆ" ಎಂದಳು. ಬೋರ್ಸೋಕಿನ ಇನ್ನೊಂದು ತುಂಡು ಮುರಿದಳು. "ನನಗೆ ಇಬ್ರು ಮೊಮ್ಮಕ್ಕಳು. ಅವರು ಎಡವೋದು ಆರನೆಯವನಲ್ಲಿ, ಏಳನೆಯವನಲ್ಲಿ. ಕೊನೆಗೆ ಬಂದಾಗ. ನೀನು ನಾಲ್ಕನೆಯವನಲ್ಲಿ ಎಡವಿದೆಯಲ್ಲ ತಮ್ಮ."

ಇಶೆನ್ ಉತ್ತರಿಸುವ ಮೊದಲು ತಲೆಯ ಮೇಲಿನ ಬಲ್ಬು ಹತ್ತಿಕೊಂಡಿತು.

ಆರು ನಿಮಿಷ ಮೊದಲೇ.

*

ಬೆಳಕಿನಲ್ಲಿ ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಕತ್ತಲೆಯಲ್ಲಿದ್ದಾಗ ಇದ್ದ ಅಂತರ ಈಗ ಇರಲಿಲ್ಲ. ಕಂಟೇನರ್ ಇನ್ನೂ ಕಿರಿದಾದಂತೆ ಕಂಡಿತು.

"ಹಚ್ಚು" ಎಂದಳು ಬುರುಲ್.

ಹಚ್ಚದಿರಲು ಕಾರಣ ಹುಡುಕಿದ. ವೈರು ಸರಿಯಿಲ್ಲ, ಪರದೆ ಕೆಟ್ಟಿದೆ, ಚಳಿಯಲ್ಲಿ ಬಂದ ಯಂತ್ರ ಒಣಗಬೇಕು. ಎಲ್ಲವೂ ಬಾಯಿಗೆ ಬಂದವು. ಆಮೇಲೆ ಕಾನಿಮೆಟ್ ನೆನಪಾದಳು. ಅವಳ ಮುಖವಲ್ಲ. ಮೂರು ದಿನದಿಂದ ಒಂದೇ ಮಾತನ್ನು ಹೇಳುತ್ತಿರುವ ಅವಳ ಗಂಟಲು. ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು, ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ನಿಜ ಹೇಳುತ್ತಿರುವವಳಿಗೆ ಹೇಳಲು ಬೇರೆ ಮಾತು ಇರುವುದಿಲ್ಲ.

ವೈರು ಸಿಕ್ಕಿಸಿ ಗುಂಡಿ ಒತ್ತಿದ.

ಬುರುಲ್ ಕೈಗಡಿಯಾರ ನೋಡುತ್ತಿದ್ದಳು. ಫ್ಯಾನು ಬೆಕ್ಕಿನಷ್ಟು ಮೆತ್ತಗೆ ಉಸಿರಾಡಿತು. ಪರದೆ ಕಪ್ಪಾಯಿತು, ನೀಲಿಯಾಯಿತು. ಅಗಾಯ್ ತಮ್ಮ ಸತ್ತ ಹೆಂಡತಿಯ ಚಿತ್ರ ಹಾಕಿಕೊಂಡಿದ್ದರು. ಆಕೆ ಸೇಬಿನ ಮರದ ಕೆಳಗೆ ನಗುತ್ತ ನಿಂತಳು.

"ಇಪ್ಪತ್ತೆಂಟು" ಎಂದಳು ಬುರುಲ್. "ನಿಮಿಷ ಅಲ್ಲ. ಸೆಕೆಂಡು."

ತೊರೊಬೆಕ್ ಕೆಟಲ್ ಇಳಿಸಿದ. ಮುಚ್ಚಳ ಜಾರಿ ನೆಲಕ್ಕೆ ಬಿದ್ದು ಉರುಳಿತು. ಎತ್ತಿಕೊಳ್ಳಲು ಯಾರೂ ಬಗ್ಗಲಿಲ್ಲ.

"ನಾನೇ" ಎಂದ ಇಶೆನ್. "ಬ್ಯಾಟರಿ, ಡಿಸ್ಕು, ರ‍್ಯಾಮ್, ಎಲ್ಲ ನಾನೇ ಹಾಕಿದ್ದು. ಅಗಾಯ್ ಸತ್ತ ದಿನ ಮಧ್ಯಾಹ್ನ. ಸೊಸೆಗೆ ಹೇಳ್ಬೇಡ ಅಂದಿದ್ರು. ಕಾನಿಮೆಟ್‌ಗೆ ಗೊತ್ತಿರಲಿಲ್ಲ. ಅವಳು ಹೇಳ್ತಿರೋದೆಲ್ಲ ನಿಜ."

"ಶರತ್ಕಾಲ ಅಂತ ಬರೆದು ಸಹಿ ಹಾಕಿದ್ದೆಯಲ್ಲ."

"ಸುಳ್ಳು ಬರೆದಿದ್ದೆ."

ಬುರುಲ್ ಸೇಬಿನ ಮರದ ಕೆಳಗಿನ ಹೆಂಗಸನ್ನೇ ನೋಡುತ್ತಿದ್ದಳು. "ಮೂರು ದಿನ" ಎಂದಳು ಕೊನೆಗೆ. "ಅವಳ ಮಗಳಿಗೆ ನಾಲ್ಕು ವರ್ಷ. ನಿನ್ನೆ ಠಾಣೆ ಬಾಗಿಲಲ್ಲಿ ಬಂದು ನಿಂತಿತ್ತು, ಅಮ್ಮಂದು ಒಂದು ಕೈಗವಸು ಹಿಡ್ಕೊಂಡು."

ಇಶೆನ್ ಕಣ್ಣು ಕೆಳಗೆ ಹಾಕಿದ.

"ತೆಗೆದ ಹಳೇ ಡಿಸ್ಕ್ ಎಲ್ಲಿ?"

"ಅಲ್ಲೇ ಕೊಟ್ಟು ಬಂದೆ. ತೆಗೆದ ಸಾಮಾನು ಗಿರಾಕಿ ಕೈಗೇ ಕೊಡೋದು ನಮ್ಮ ಪದ್ಧತಿ. ಇಲ್ದಿದ್ರೆ ಕದ್ದ ಅಂತಾರೆ. ಪೇಪರಲ್ಲಿ ಸುತ್ತಿ ಸಕ್ಕರೆ ಡಬ್ಬದ ಹಿಂದೆ ಇಟ್ಟಿದ್ದೆ."

"ಆ ಮನೇಲಿ ಸಕ್ಕರೆ ಡಬ್ಬನೂ ನೋಡಿದ್ದೀನಿ, ಅದರ ಹಿಂದೆನೂ ನೋಡಿದ್ದೀನಿ. ಡಿಸ್ಕಿಲ್ಲ."

ಇಶೆನ್‌ಗೆ ನಿಜವಾಗಿಯೂ ಅದು ತಿಳಿದಿರಲಿಲ್ಲ. ಅವನ ಮುಖದಲ್ಲಿ ಅದು ಕಂಡಿರಬೇಕು. ಬುರುಲ್ ಒಂದು ಕ್ಷಣ ಅನುಮಾನಿಸಿದಳು. ಹಳೆಯ ಡಿಸ್ಕಿನಲ್ಲಿ ಅಗಾಯ್ ಬರೆದ ಹಾಗೇ ವಂಶಾವಳಿ ಇತ್ತು, ಜಾನಿಬಾಯ್ ಇಲ್ಲದೆ. ಆಕೆಗೆ ಅದು ಗೊತ್ತಿಲ್ಲ. ಆದರೆ ಯಾರೋ ಒಬ್ಬರಿಗೆ ಅದು ಬೇಕಾಗಿತ್ತು ಎಂಬಷ್ಟು ಗೊತ್ತಾಗಲು ವಂಶಾವಳಿ ಓದಬೇಕಾಗಿಲ್ಲ.

"ಹಾಗಾದ್ರೆ ಲೆಕ್ಕ ಹೀಗಿದೆ" ಎಂದಳು ಬುರುಲ್, ಮೊದಲಿಗಿಂತ ಸಣ್ಣ ದನಿಯಲ್ಲಿ. "ಕಾನಿಮೆಟ್ ಹೋದ ಮೇಲೆ ಒಬ್ಬ ಬಂದ. ಯಂತ್ರ ಬೇಗ ಏಳುತ್ತೆ ಅಂತ ಅವನಿಗೆ ಗೊತ್ತಿತ್ತು. ಇಲ್ದಿದ್ರೆ ಬಟ್ಟೆ ತೆಗೀತಾನೇ ಇರಲಿಲ್ಲ, ಅರ್ಧ ಗಂಟೆ ಯಾರು ಕಾಯ್ತಾರೆ? ಹಳೇ ಡಿಸ್ಕ್ ಒಂದಿದೆ ಅಂತಾನೂ ಗೊತ್ತಿತ್ತು. ಮಲಗಿದ್ದ ಮನುಷ್ಯನ ಹೊಗೆಗೂಡು ಮುಚ್ಚಿ ಹೋದ."

"ಮುಚ್ಚಿದ್ದು ಅವನೇ ಅಂತ ಹೇಗೆ..."

"ಯಾರ ಪರವಾಗಿ ಕೇಳ್ತಿದ್ದೀಯ ಅದನ್ನ?"

ಇಶೆನ್ ಬಿಚ್ಚಿದ್ದ ತಿರುಪುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಬ್ಯಾಟರಿ ಹಾಕಿದ್ದು, ಡಿಸ್ಕ್ ಬದಲಾಯಿಸಿದ್ದು ಅಗಾಯ್‌ಗೆ ಗೊತ್ತು, ಅವರು ಸತ್ತರು. ನಿನಗೆ ಗೊತ್ತು. ಇನ್ಯಾರಿಗೆ ಹೇಳಿದ್ದೆ?"

ಬಲ್ಬಿನ ಸುತ್ತ ಟೀಯ ಹಬೆ ಸುತ್ತುತ್ತಿತ್ತು. ಇಶೆನ್‌ಗೆ ಬಾಗಿಲು ಕಾಣುತ್ತಿರಲಿಲ್ಲ. ಅಣ್ಣ ಅದನ್ನು ಪೂರ್ತಿ ತುಂಬಿಕೊಂಡಿದ್ದ.

"ಅವತ್ತು ಸಂಜೆ ಐದೂವರೆಗೆ ನೀನೆಲ್ಲಿದ್ದೆ?"

"ಇಲ್ಲೇ. ಒಬ್ಬನೇ."

"ನೋಡಿದೋರು?"

"ಯಾರೂ ಇಲ್ಲ."

"ಕೊನೇ ಸಲ ಕೇಳ್ತೀನಿ ತಮ್ಮ. ಯಾರಿಗೆ ಹೇಳಿದ್ದೆ?"

ತೊರೊಬೆಕ್ ಒಂದು ಹೆಜ್ಜೆ ಒಳಗೆ ಬಂದ. ಇಶೆನ್‌ನ ಕಣ್ಣು ಅವನ ಮೇಲೆ ನೆಟ್ಟಿತು. ಹೇಳುತ್ತಾನೆ, ಅಂದುಕೊಂಡ. ಈಗ ಅವನೇ ಹೇಳುತ್ತಾನೆ. ಚಿಕ್ಕಂದಿನಿಂದ ತಮ್ಮನ ಪಾಲಿನ ಪೆಟ್ಟನ್ನೆಲ್ಲ ತಾನೇ ತಿಂದವನು ಇದೊಂದನ್ನು ತಮ್ಮನ ತಲೆಗೆ ಬಿಡುವುದಿಲ್ಲ.

"ಎಜೆ" ಎಂದ ತೊರೊಬೆಕ್. ಕೈಯಲ್ಲಿ ಟೋಪಿ ಹಿಡಿದಿದ್ದ. ಅದರ ತುಪ್ಪಳವನ್ನು ಸವರುತ್ತ ಇದ್ದ. "ಇವನನ್ನ ಸಾಕಿದೋನು ನಾನು. ಸುಳ್ಳು ಹೇಳಿ ನಿಮ್ಮನ್ನ ದಾರಿ ತಪ್ಪಿಸಲ್ಲ. ಇವನು ಅವತ್ತು ಆ ಮನೆಗೆ ಹೋಗಿದ್ದ ಅಂತ ನನಗೆ ಈಗ್ಲೇ ಗೊತ್ತಾಗಿದ್ದು."

ಬುರುಲ್ ಎದ್ದು ನಿಂತಳು. ಸ್ಟೂಲನ್ನು ಪಕ್ಕಕ್ಕೆ ಸರಿಸಿದಳು. ಈಗ ದಾರಿ ಇತ್ತು, ಆದರೆ ಅದು ಒಂದೇ ಕಡೆಗೆ ಹೋಗುವ ದಾರಿಯಾಗಿತ್ತು.

"ಕಾನಿಮೆಟ್ ಈಗ್ಲೇ ಮನೆಗೆ ಹೋಗ್ತಾಳೆ" ಎಂದಳು. "ನೀನು ಕೋಟು ಹಾಕ್ಕೋ."

ತೊರೊಬೆಕ್ ಗೋಡೆಯ ಮೊಳೆಯಿಂದ ಕೋಟು ತೆಗೆದು ತಮ್ಮನಿಗೆ ತೊಡಿಸಿದ. ಕೊರಳ ಗುಂಡಿ ಹಾಕಿದ. ಬೆರಳು ಒಂದಿಷ್ಟೂ ನಡುಗಲಿಲ್ಲ. ಇಶೆನ್ ಅಣ್ಣನ ಮುಖ ನೋಡಿದ. ಅಣ್ಣ ಗುಂಡಿಯನ್ನೇ ನೋಡುತ್ತಿದ್ದ.

"ಹೇಳೋದು ಏನಾದ್ರೂ ಇದ್ರೆ ಇಲ್ಲೇ ಹೇಳು" ಎಂದಳು ಬುರುಲ್. "ಠಾಣೇಲಿ ಹೇಳಿದ್ದಕ್ಕೆ ಬೆಲೆ ಕಡಿಮೆ."

ಇಶೆನ್ ತಲೆಯಲ್ಲಾಡಿಸಿ ಅವಳ ಹಿಂದೆ ಹಿಮಕ್ಕೆ ಇಳಿದ.

ಐದು ದಿನದ ಹಿಂದಿನ ಆ ಮಧ್ಯಾಹ್ನ, ಇದೇ ಮೇಜಿನ ಮೇಲೆ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತ, ಅಗಾಯ್‌ಯವರ ಯಂತ್ರ ಈಗ ಎಷ್ಟು ಬೇಗ ಏಳುತ್ತದೆಂದೂ, ಹಳೆಯ ಡಿಸ್ಕ್ ಎಲ್ಲಿದೆಯೆಂದೂ, ಮಾಮಿತ್‌ಕುಲ್ ಎಷ್ಟನೆಯವನೆಂದೂ ಅಣ್ಣನಿಗೆ ತಾನೇ ಹೇಳಿದ್ದನೆಂಬುದನ್ನು ಅವನು ಹೇಳಲಿಲ್ಲ.